ಸ್ವಿಚ್ ರೂಮಿನ ಬನ್ನಿ ಎಲೆ

ಬೇಗಂಪೇಟೆಯ ರೈಲು ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿರುವ ಆ ಕಟ್ಟಡದ ಮೂರನೇ ಮಹಡಿಯಲ್ಲಿ ಈಗ ಒಂದು ಜಿಮ್ ಇದೆ. ಹೋದ ವಾರ ಅದೇ ಕಟ್ಟಡದಲ್ಲಿ ಯಾರದೋ ಹಳೆಯ ಬ್ಯಾಟರಿ ಮಾರಾಟಕ್ಕಿದೆ ಎಂದು ಹೋಗಿದ್ದೆ. ಗಾಜಿನ ಆಚೆ ಹುಡುಗರು ಬೆವರು ಒರೆಸಿಕೊಳ್ಳುತ್ತ, ನಿಂತ ಜಾಗದಲ್ಲೇ ಓಡುತ್ತಿದ್ದರು. ನನಗೆ ನಗು ಬಂತು. ಅದೇ ಜಾಗದಲ್ಲಿ ಮೇ ತಿಂಗಳ ಮಧ್ಯಾಹ್ನ ಒಬ್ಬ ಹೆಂಗಸು ಮರೂನ್ ಬಣ್ಣದ ಸ್ವೆಟರ್ ಹಾಕಿಕೊಂಡು, ಸೆರಗನ್ನು ಕಿವಿಗೆ ಸುತ್ತಿ ಓಡಾಡುವುದನ್ನು ನಾನು ವರ್ಷಗಟ್ಟಲೆ ನೋಡಿದ್ದೇನೆ. ಹೊರಗೆ ಡಾಂಬರು ಕರಗುತ್ತಿರುತ್ತಿತ್ತು, ಒಳಗೆ ಅವರು ಅಂಗೈ ಉಜ್ಜಿಕೊಳ್ಳುತ್ತಿದ್ದರು.

ಅದು ಒಂದು ಮೊಬೈಲ್ ಕಂಪನಿಯ ಸ್ವಿಚ್ ರೂಮು. ಅರ್ಧ ಊರಿನ ಮಾತು, ಮೆಸೇಜು ಎಲ್ಲ ಆ ಕೋಣೆಯ ಕಬ್ಬಿಣದ ಕ್ಯಾಬಿನೆಟ್ಟುಗಳ ಮೂಲಕವೇ ಹಾದು ಹೋಗುತ್ತಿದ್ದವು. ಯಂತ್ರಗಳು ಬಿಸಿಯಾಗಬಾರದೆಂದು ಎ.ಸಿ.ಯನ್ನು ಕೊರೆಯುವ ಹಾಗೆ ಇಟ್ಟಿರುತ್ತಿದ್ದರು. ಆ ಕೋಣೆಯ ಯಜಮಾನಿಕೆ ಈ ಎಂಜಿನಿಯರ್ ಹೆಂಗಸಿನದು. ಎ.ಸಿ. ನೋಡಿಕೊಳ್ಳುವ ಕರೀಂ ಭಾಯ್ ಅವರನ್ನು ಆಪಾ ಎನ್ನುತ್ತಿದ್ದ. ತೆಲುಗು ಹುಡುಗರು ಅಕ್ಕಾ ಎನ್ನುತ್ತಿದ್ದರು. ನಾನು ಅಕ್ಕಾವ್ರ ಎನ್ನುತ್ತಿದ್ದೆ. ಹೆಸರು ಬರೆದರೆ ಅವರಿಗೆ ಹಿಡಿಸುವುದಿಲ್ಲ, ಹಾಗಾಗಿ ಇಲ್ಲೂ ಅಕ್ಕಾವ್ರೇ ಇರಲಿ. ಇತ್ತೀಚೆಗಷ್ಟೇ ನಿವೃತ್ತರಾಗಿ ಸೊಲ್ಲಾಪುರಕ್ಕೆ, ತಂಗಿ ಇರುವ ಊರಿಗೆ ಹೋದರು.

ನಾನು ಹಳೆಯ ಟೆಲಿಕಾಂ ಸಾಮಾನಿನ ವ್ಯಾಪಾರಿ. ಸಿಂಧನೂರಿನಿಂದ ಕೇಬಲ್ ಹೂಳುವ ಗುಂಪಿನಲ್ಲಿ ಗುದ್ದಲಿ ಹಿಡಿದು ಈ ಊರಿಗೆ ಬಂದವನು. ರಸ್ತೆ ಅಗೆಯುವಾಗ ದೊಡ್ಡವರು ಏನನ್ನು ಬೇಡವೆಂದು ಎಸೆಯುತ್ತಾರೆ, ಸಣ್ಣವರು ಅದನ್ನೇ ಎಲ್ಲೆಲ್ಲಿ ಹುಡುಕುತ್ತಾರೆ ಎಂಬುದನ್ನು ಕಣ್ಣಿಟ್ಟು ನೋಡಿದೆ. ಕೋಠಿಯಲ್ಲಿ ಒಂದು ಅಂಗಡಿ, ಊರಾಚೆ ಒಂದು ಗೋಡೌನು ಆದದ್ದು ಆ ನೋಟದಿಂದ. ವ್ಯಾಪಾರ ಹಿಡಿಯುವ ಹುಡುಗರು ಬಂದು ಕೇಳಿದರೆ ನಾನು ಹೇಳುವುದು ಇಷ್ಟೇ: ಹೊಸದರ ಹಿಂದೆ ಎಲ್ಲರೂ ಓಡುತ್ತಾರೆ, ನೀವು ಹಳೆಯದು ಯಾವ ಬಾಗಿಲಿನಿಂದ ಹೊರಗೆ ಬರುತ್ತದೆ ನೋಡಿ, ಅಲ್ಲಿ ನಿಂತುಕೊಳ್ಳಿ.

ಹಾಗೆ ನಿಂತ ಬಾಗಿಲುಗಳಲ್ಲಿ ಅಕ್ಕಾವ್ರದೂ ಒಂದು. ಮೊದಲ ಸಲ ಹೋದಾಗ ಮಾತ್ರ ಕೊಳ್ಳಲು ಅಲ್ಲ, ಮಾರಲು ಹೋಗಿದ್ದೆ. ಅವರ ಒಂದು ಯಂತ್ರದೊಳಗೆ ಕೂರಿಸಲು ಸರ್ಕೀಟಿನ ಕಾರ್ಡು ಬೇಕಾಗಿತ್ತು. ತಯಾರಿಸುವ ಕಂಪನಿ ಅದನ್ನು ಎಂದೋ ನಿಲ್ಲಿಸಿತ್ತು. ನನ್ನ ಬಳಿ ಒಂದಿತ್ತು. ಹೊಸದರಂತೆಯೇ ಇದೆ ಎಂದು ಹಿಂದಿಯಲ್ಲಿ ಭಾಷಣ ಮಾಡಿದೆ. ಅವರು ಕಾರ್ಡನ್ನು ತೆಗೆದುಕೊಂಡು ಹೂವು ಮೂಸುವ ಹಾಗೆ ಮೂಸಿದರು. ಸುಟ್ಟ ವಾಸನೆ ಇದೆಯೋ ಎಂದು ನೋಡುವ ರೀತಿ ಅದು. ಆಮೇಲೆ ಮೇಜಿನ ಮೇಲಿಟ್ಟು ಸುಮ್ಮನೆ ಕುಳಿತರು. ಒಂದು ಮಾತಿಲ್ಲ. ಚಹಾ ಬಂತು, ಕುಡಿದೆವು. ನಾನು ತಡೆಯಲಾರದೆ ರೇಟು ಇಳಿಸಿದೆ. ಮತ್ತೂ ಸುಮ್ಮನಿದ್ದರು. ಮತ್ತೂ ಇಳಿಸಿದೆ. ಕೊನೆಗೆ ನನ್ನ ಮೇಲೆ ನನಗೇ ಸಿಟ್ಟು ಬಂದು ಕನ್ನಡದಲ್ಲಿ ಗೊಣಗಿಕೊಂಡೆ. ಆಗ ಅವರ ಮುಖ ಅರಳಿತು.

"ಯಾವೂರು ತಮ್ಮಾ?"

"ಸಿಂಧನೂರ್ರೀ."

"ನಂದು ಲಿಂಗಸೂಗೂರು. ಮೊದಲ ಹೇಳಬಾರದೇನು? ಇನ್ನೊಂದು ಚಾ ತರಿಸ್ತಿದ್ದೆ."

ರೇಟು ಏರಿಸುತ್ತಾರೆ ಎಂದುಕೊಂಡೆ. ಚಹಾ ಮಾತ್ರ ಬಂತು. ಮಾತಾಡದ ಗಿರಾಕಿಯ ಎದುರು ಮೊದಲು ಬಾಯಿ ತೆರೆಯಬಾರದು ಎಂಬ ಪಾಠ ಕಲಿತದ್ದು ಅಂದು. ಆಮೇಲೆ ಅದೇ ವಿದ್ಯೆಯನ್ನು ಊರೆಲ್ಲರ ಮೇಲೆ ಪ್ರಯೋಗಿಸಿ ಗೆದ್ದಿದ್ದೇನೆ, ಅವರ ಮೇಲೆ ಮಾತ್ರ ಎಂದೂ ನಡೆಯಲಿಲ್ಲ.

ಆ ಕೋಣೆಯ ಕ್ಯಾಬಿನೆಟ್ಟುಗಳಿಗೆ ಕಂಪನಿ ಕೊಟ್ಟ ನಂಬರುಗಳಿದ್ದವು. ಅಕ್ಕಾವ್ರು ಬೇರೆ ಹೆಸರು ಇಟ್ಟಿದ್ದರು. ಮಾತಿನ ಕರೆಗಳನ್ನು ಹೊರುವ ದೊಡ್ಡದು ಹಿರಿಯಣ್ಣ. ಮೆಸೇಜುಗಳನ್ನು ಸಾಗಿಸುವುದು ಅತ್ತಿ, ಅಂದರೆ ಅತ್ತೆ. ಸದಾ ಗುರುಗುಟ್ಟುತ್ತಿತ್ತು, ಮನೆಯ ಭಾರವೆಲ್ಲ ತನ್ನ ಮೇಲೆಯೇ ಇದೆ ಎನ್ನುವ ಹಾಗೆ. ಬೆಳಿಗ್ಗೆ ಬಂದ ಕೂಡಲೇ ಒಂದೊಂದರ ಬಾಗಿಲಿನ ಮೇಲೆ ಅಂಗೈ ಇಟ್ಟು ನಿಲ್ಲುತ್ತಿದ್ದರು. ಮಕ್ಕಳ ಹಣೆ ಮುಟ್ಟಿ ಜ್ವರ ನೋಡುವ ಹಾಗೆ. ಫ್ಯಾನಿನ ಸದ್ದು ಸ್ವಲ್ಪ ಬದಲಾದರೂ ಗೊತ್ತಾಗುತ್ತಿತ್ತು. ಅತ್ತಿ ಇವತ್ತು ಮುನಿಸಿಕೊಂಡಾಳ ಎಂದರೆ ಕರೀಂ ಭಾಯ್ ಏಣಿ ತರುತ್ತಿದ್ದ. ಯಂತ್ರಕ್ಕೆ ಜ್ವರ ಬಂದರೆ ಮನೆಗೆ ಹೋಗದ ಇವರು ತಮಗೆ ಜ್ವರ ಬಂದರೂ ಹೋಗುವುದಿಲ್ಲ ಎಂದು ಅವನು ನನ್ನ ಬಳಿ ದೂರು ಹೇಳುತ್ತಿದ್ದ.

ದಸರೆಯ ಖಂಡೇ ಪೂಜೆ, ಅಂದರೆ ಆಯುಧ ಪೂಜೆ, ಅಲ್ಲಿ ಜೋರು. ಕ್ಯಾಬಿನೆಟ್ಟುಗಳ ಬಾಗಿಲಿಗೆಲ್ಲ ಕುಂಕುಮ. ಹೂವು ಇಲ್ಲ, ಎಸಳು ಉದುರಿ ಫ್ಯಾನಿಗೆ ಸಿಕ್ಕುತ್ತದೆ ಎಂದು ಅವರೇ ಬೇಡ ಎಂದಿದ್ದರು. ಮರುದಿನಕ್ಕೆ ಬನ್ನಿ ಎಲೆ ತರುವ ಕೆಲಸ ನನ್ನದು. ಇಲ್ಲಿಯವರು ಜಮ್ಮಿ ಎನ್ನುತ್ತಾರೆ. ಊರಾಚೆ ನನ್ನ ಗೋಡೌನಿನ ಹಿಂದೆ ಒಂದು ಮರ ಇತ್ತು. ಒಂದೊಂದು ಕ್ಯಾಬಿನೆಟ್ಟಿನ ನೆತ್ತಿಯ ಮೇಲೂ ಒಂದೊಂದು ಎಲೆ ಇಡುತ್ತಿದ್ದರು. ನಾನು ಮೊದಲ ವರ್ಷ ನಮ್ಮ ಕಡೆಯ ರೂಢಿಯಂತೆ ಅವರ ಕೈಗೂ ಎಲೆ ಕೊಟ್ಟು ಕಾಲು ಮುಟ್ಟಲು ಬಗ್ಗಿದೆ. ಹಿಂದೆ ಸರಿದರು.

"ನಿನ್ನ ಕೂಡ ಬನ್ನಿ ಬ್ಯಾಡ ತಮ್ಮಾ. ಬನ್ನಿ ಕೊಟ್ಟು ತಗೊಂಡ ಮ್ಯಾಲ ಜಗಳಾ ಮರೀಬೇಕು. ನಾಳೆ ರೇಟಿಗೆ ನಾ ಹೆಂಗ ಜಗಳಾ ಮಾಡ್ಲಿ?"

ಅಂದಿನಿಂದ ಎಲೆ ತರುವುದು ನನ್ನ ಪಾಲಿಗೆ, ತೆಗೆದುಕೊಳ್ಳುವುದು ಯಂತ್ರಗಳ ಪಾಲಿಗೆ. ಪ್ರತಿ ದಸರೆಗೂ ನಾನು ಸುಮ್ಮನೆ ಕೈ ಚಾಚುತ್ತಿದ್ದೆ, ಅವರು ಕಣ್ಣಲ್ಲೇ ಬೇಡ ಎನ್ನುತ್ತಿದ್ದರು.

ಆಮೇಲೆ ಕ್ಲೌಡ್ ಎಂಬ ಮಾತು ಬಂತು. ಕ್ಲೌಡ್ ನೇಟಿವ್ ಎಂದು ಪೂರ್ತಿಯಾಗಿ ಹೇಳುವವರು ಕೊಂಡಾಪುರದ ಹೊಸ ಆಫೀಸಿನವರು. ನನ್ನಂಥವನಿಗೆ ತಿಳಿಯುವ ಹಾಗೆ ಹೇಳಿದರೆ ಸಂಗತಿ ಇಷ್ಟು. ಮೊದಲು ಒಂದೊಂದು ಕೆಲಸಕ್ಕೆ ಒಂದೊಂದು ಪೆಟ್ಟಿಗೆ, ಅದಕ್ಕೆ ಅದರದೇ ಕಂಪನಿ, ಅದರದೇ ಕಾರ್ಡು. ಈಗ ಆ ಕೆಲಸವೆಲ್ಲ ಬರೀ ಸಾಫ್ಟ್‌ವೇರ್. ಸಣ್ಣ ಸಣ್ಣ ತುಣುಕುಗಳಾಗಿ ಯಾವುದೋ ಸಾಧಾರಣ ಸರ್ವರುಗಳ ಮೇಲೆ ಓಡುತ್ತದೆ. ಸರ್ವರು ಈ ಊರಿನಲ್ಲೇ ಇರಬೇಕೆಂದೂ ಇಲ್ಲ. ಒಂದು ತುಣುಕು ಕಾಯಿಲೆ ಬಿದ್ದರೆ ಯಾರೂ ಅದಕ್ಕೆ ಔಷಧ ಕೊಡುವುದಿಲ್ಲ. ವ್ಯವಸ್ಥೆಯೇ ಅದನ್ನು ಕೊಂದು, ಅಂಥದೇ ಇನ್ನೊಂದನ್ನು ಹುಟ್ಟಿಸುತ್ತದೆ. ಹಣೆ ಮುಟ್ಟಿ ನೋಡಲು ಹಣೆಯೇ ಇಲ್ಲ.

ಇದು ನನಗೆ ಒಳ್ಳೆಯ ಕಾಲವೋ ಕೆಟ್ಟ ಕಾಲವೋ ಎಂದು ಕೆಲವರು ಕೇಳುತ್ತಾರೆ. ಎರಡೂ. ಇರುವ ಪೆಟ್ಟಿಗೆಗಳೆಲ್ಲ ಒಟ್ಟಿಗೆ ನನ್ನ ಬಾಗಿಲಿಗೆ ಬರುತ್ತವೆ, ಆಮೇಲೆ ಬರಲು ಪೆಟ್ಟಿಗೆಗಳೇ ಇರುವುದಿಲ್ಲ. ಬುದ್ಧಿ ಇದ್ದವನು ಹೆಚ್ಚು ಬರುವಾಗಲೇ ಮುಂದಿನ ದಾರಿ ನೋಡಿಕೊಳ್ಳಬೇಕು. ನಾನು ಆಗಲೇ ಸೋಲಾರ್ ಬ್ಯಾಟರಿಗೆ ಕೈ ಹಾಕಿದ್ದೆ.

ಅಕ್ಕಾವ್ರ ಮುಂದೆ ಕಂಪನಿ ಎರಡು ದಾರಿ ಇಟ್ಟಿತು. ಕೊಡುವ ದುಡ್ಡು ತೆಗೆದುಕೊಂಡು ಈಗಲೇ ಹೊರಗೆ ಹೋಗಬಹುದು, ಅಥವಾ ಕೊಂಡಾಪುರಕ್ಕೆ ಬಂದು ಹೊಸದನ್ನು ಕಲಿತು, ಮೆಸೇಜುಗಳ ಕೆಲಸವನ್ನು ಅತ್ತಿಯಿಂದ ಬಿಡಿಸಿ ಕ್ಲೌಡಿಗೆ ಸೇರಿಸಿ ತೋರಿಸಬೇಕು. ಆಗದಿದ್ದರೆ ಹೋಗಬೇಕು. ನಿವೃತ್ತಿ ಬಹಳ ದೂರವಿರಲಿಲ್ಲ. ಅವರಿಗೆ ಹಣದ ಅಡಚಣೆ ಇರಲಿಲ್ಲ. ಅವರಿಗೆ ಬೇಕಾಗಿದ್ದುದು ಒಂದೇ, ತಮ್ಮ ಕುರ್ಚಿಯಿಂದ ತಾವೇ ಏಳಬೇಕು, ಯಾರೂ ಎಬ್ಬಿಸಬಾರದು.

ನಾನು ಸಲಹೆ ಕೊಡಲು ಓಡಿದೆ. ಕೇಳಿದವರಿಗೂ ಕೇಳದವರಿಗೂ ಸಲಹೆ ಕೊಡುವುದು ನನ್ನ ಸ್ವಭಾವ. ದುಡ್ಡು ತೆಗೆದುಕೊಳ್ಳಿ, ನನ್ನ ಜೊತೆ ಬನ್ನಿ, ಬರುವ ಕಾರ್ಡು ಮೂಸಿ ಯಾವುದು ಬದುಕಿದೆ ಯಾವುದು ಸತ್ತಿದೆ ಹೇಳಿದರೆ ಸಾಕು, ಪಾಲು ಕೊಡುತ್ತೇನೆ ಎಂದೆ. ನನಗೂ ಲಾಭ, ಅವರಿಗೂ ಲಾಭ. ಲಾಭವಿಲ್ಲದ ಸಲಹೆಯನ್ನು ನಾನು ಅಪರೂಪಕ್ಕೆ ಕೊಡುತ್ತೇನೆ.

ಅವರು ಸ್ವೆಟರಿನ ತೋಳು ಎಳೆದುಕೊಂಡು, "ನನ್ನೂ ಹಳೇ ಸಾಮಾನಿನ ಲಾಟಿನ್ಯಾಗ ಹಿಡದ ಖರೀದಿ ಮಾಡಾಕ ಬಂದೀಯೇನು?" ಎಂದರು. ನಗುತ್ತಲೇ ಹೇಳಿದರು. ನನಗೆ ನಗಲಾಗಲಿಲ್ಲ.

ಕೊಂಡಾಪುರಕ್ಕೆ ಹೋದರು. ಅಲ್ಲಿಯ ಮ್ಯಾನೇಜರ್ ವರಂಗಲ್ ಕಡೆಯ ಹುಡುಗಿ, ಇವರಿಗಿಂತ ಎಷ್ಟೋ ಚಿಕ್ಕವಳು, ಚುರುಕು, ಮಾತು ಕಡಿಮೆ. ಅಕ್ಕಾವ್ರು ಹುಡುಗರ ನಡುವೆ ಕುಳಿತು ಕಲಿತರು. ಪರೀಕ್ಷೆ ಬರೆದರು. ಆದರೆ ಕೈಗೆ ಹತ್ತಿದ ರೂಢಿ ಪರೀಕ್ಷೆ ಬರೆದರೆ ಬಿಡುವುದಿಲ್ಲ. ಒಂದು ದಿನ ಮೆಸೇಜು ಸಾಗಿಸುವ ಒಂದು ತುಣುಕು ತಡವರಿಸತೊಡಗಿತು. ಅವರು ತಪ್ಪನ್ನು ಬೇಗನೆ ಹಿಡಿದರು. ಓಡುತ್ತಿದ್ದ ಆ ತುಣುಕಿನೊಳಗೇ ಹೊಕ್ಕು, ಅಲ್ಲಿಯೇ ತಿದ್ದಿದರು. ಅತ್ತಿಯ ಬಾಗಿಲು ತೆಗೆದು ಕಾರ್ಡು ಸರಿಮಾಡಿದ ಹಾಗೆ. ಸರಿಯಾಯಿತು. ನೆಮ್ಮದಿಯಿಂದ ಊಟಕ್ಕೆ ಹೋದರು.

ಊಟ ಮುಗಿಯುವುದರೊಳಗೆ ಮತ್ತೆ ಕೆಟ್ಟಿತ್ತು. ಬ್ಯಾಂಕಿನ ಒಟಿಪಿಗಳು ಜನರನ್ನು ತಲುಪಲಿಲ್ಲ. ನನ್ನ ಅಂಗಡಿಯಲ್ಲೇ ಒಬ್ಬ ಗಿರಾಕಿ ಫೋನು ಹಿಡಿದು ಶಪಿಸುತ್ತ ನಿಂತಿದ್ದ. ಅಕ್ಕಾವ್ರು ಬಂದು ನೋಡುತ್ತಾರೆ, ತಾವು ತಿದ್ದಿದ್ದು ಮಾಯ. ಯಾರೋ ಬೇಕೆಂದೇ ಅಳಿಸಿದ್ದಾರೆ ಎಂದುಕೊಂಡರು. ಪಕ್ಕದಲ್ಲಿ ಕೂರುವ ಒಬ್ಬ ಹುಡುಗಿಯನ್ನು ಎಲ್ಲರೆದುರು ಬಾಯಿಗೆ ಬಂದಂತೆ ಬೈದರು. ನನ್ನ ಸೀಟಿನ ಮೇಲೆ ಕಣ್ಣಿಟ್ಟೀಯೇನು ಎಂದೂ ಅಂದುಬಿಟ್ಟರು. ಹುಡುಗಿ ಅಳುತ್ತ ಎದ್ದು ಹೋದಳು. ಆಗ ಮ್ಯಾನೇಜರ್ ಬಂದು, ಮೆಲ್ಲಗೆ, "ಅಕ್ಕಾ, ಎವರೂ ತೀಯಲೇದು," ಎಂದಳಂತೆ. ಯಾರೂ ತೆಗೆದಿಲ್ಲ. ವ್ಯವಸ್ಥೆ ತನ್ನ ಪಾಡಿಗೆ ಆ ತುಣುಕನ್ನು ಕೊಂದು, ಮೂಲ ಪ್ರತಿಯಿಂದ ಹೊಸದನ್ನು ಹುಟ್ಟಿಸಿತ್ತು. ಮೂಲದಲ್ಲಿ ತಪ್ಪು ಹಾಗೆಯೇ ಇತ್ತು. ಅಕ್ಕಾವ್ರು ಕೈಯಾರೆ ಮಾಡಿದ ರಿಪೇರಿ ಸತ್ತ ತುಣುಕಿನ ಜೊತೆಗೇ ಹೋಗಿತ್ತು. ಇನ್ನೊಮ್ಮೆ ಹೀಗಾದರೆ ನಾನು ನಿಮ್ಮನ್ನು ಉಳಿಸಿಕೊಳ್ಳಲಾರೆ ಎಂದು ಮ್ಯಾನೇಜರ್ ಸ್ಪಷ್ಟವಾಗಿ ಹೇಳಿದಳು.

ಸುದ್ದಿ ಕರೀಂ ಭಾಯ್ ಮೂಲಕ ನನಗೆ ಬಂತು. ಬಿಸಿ ಇರುವಾಗಲೇ ಕಬ್ಬಿಣ ಕೊಳ್ಳುವವನು ನಾನು. ಆ ಭಾನುವಾರ ಅವರ ಮನೆಗೆ ಹೋಗಿ ಹಳೆಯ ಮಾತನ್ನೇ ಮತ್ತೆ ಎತ್ತಬೇಕೆಂದಿದ್ದೆ. ಅವರು ಅಡುಗೆಮನೆಯ ನೆಲದ ಮೇಲೆ ಕುಳಿತಿದ್ದರು. ಮುಂದೆ ಸಕ್ಕರೆ ಆರತಿಯ ಮರದ ಅಚ್ಚುಗಳು. ಗೌರಿ ಹುಣ್ಣಿಮೆಗೆ ನಮ್ಮ ಕಡೆ ಸಕ್ಕರೆ ಪಾಕ ಹೊಯ್ದು ಗೊಂಬೆ ಮಾಡುವ ಅಚ್ಚು. ಹುಣ್ಣಿಮೆ ಇನ್ನೂ ಬಂದಿರಲಿಲ್ಲ. ತಟ್ಟೆಯಲ್ಲಿ ಬಿಳಿಯ ಆನೆಗಳು ಸಾಲಾಗಿ ನಿಂತಿದ್ದವು. ಎಲ್ಲದರ ಸೊಂಡಿಲೂ ಅರ್ಧಕ್ಕೆ ಮುರಿದಿತ್ತು.

"ಇದರ ಸೊಂಡ್ಲಿ ಭಾಗದಾಗ ಹಳೇ ಸಕ್ರಿ ಕಟ್ಟೈತಿ ತಮ್ಮಾ," ಎಂದು ಅಚ್ಚು ತೋರಿಸಿದರು. "ನಮ್ಮವ್ವ ಹೊರಗ ಬಂದ ಆನಿಗೆ ಪಾಕ ಹಚ್ಚಿ ಸೊಂಡ್ಲಿ ಕೂಡಸ್ತಿದ್ಲು. ನಾನೂ ಹಂಗ ಮಾಡ್ಕೋತ ಬಂದೆ. ಆಫೀಸಿನ್ಯಾಗೂ ಅದ ಮಾಡಿದೆ. ಆನಿ ತಿದ್ದಿದ್ರ ಏನಾತು, ಅಚ್ಚು ಹಂಗ ಐತಲ್ಲ."

ಸೂಜಿಯಿಂದ ಅಚ್ಚಿನ ಸಂದಿ ಕೆದಕುತ್ತ ಕುಳಿತರು. ನಾನು ಹೇಳಲು ಬಂದದ್ದನ್ನು ಹೇಳಲಿಲ್ಲ. ಮುರುಕು ಆನೆ ತಿಂದು ಎದ್ದು ಬಂದೆ. ಮರುದಿನ ಅಕ್ಕಾವ್ರು ಸೊಂಡಿಲು ಪೂರ್ತಿಯಾಗಿದ್ದ ಆನೆಗಳನ್ನು ಡಬ್ಬಿಯಲ್ಲಿ ತುಂಬಿಕೊಂಡು ಆಫೀಸಿಗೆ ಹೋಗಿ, ತಾವು ಬೈದಿದ್ದ ಹುಡುಗಿಯ ಮೇಜಿನ ಮೇಲಿಟ್ಟು, ಎಲ್ಲರೆದುರು ಬೈದಿದ್ದರಿಂದ ಎಲ್ಲರೆದುರೇ ತಪ್ಪಾಯಿತು ಎಂದರಂತೆ. ಅಂದಿನಿಂದ ಏನು ತಿದ್ದಿದರೂ ಮೂಲದಲ್ಲೇ ತಿದ್ದಿ, ಆ ಹುಡುಗಿಗೆ ತೋರಿಸಿ, ಅವಳು ಹೂಂ ಎಂದ ಮೇಲೆಯೇ ಓಡಿಸುವ ರೂಢಿ ಮಾಡಿಕೊಂಡರು.

ಕೊನೆಯ ಪರೀಕ್ಷೆಯ ದಿನ ನಾನು ಕೊಂಡಾಪುರದಲ್ಲಿದ್ದೆ. ಹೊಸ ವ್ಯವಸ್ಥೆ ಗೆದ್ದರೆ ಮಾತ್ರ ಬೇಗಂಪೇಟೆಯ ಹಳೆಯ ಸಾಮಾನು ನನಗೆ ಬಿಡುವುದೆಂದು ಮಾತಾಗಿತ್ತು. ಪರೀಕ್ಷೆ ಎಂದರೆ, ಹಗಲು ಹೊತ್ತಿನಲ್ಲಿ, ಜನರ ನಿಜವಾದ ಮೆಸೇಜುಗಳು ಓಡುತ್ತಿರುವಾಗಲೇ, ಚೆನ್ನಾಗಿ ಕೆಲಸ ಮಾಡುತ್ತಿರುವ ಒಂದು ತುಣುಕನ್ನು ಬೇಕೆಂದೇ ಕೊಲ್ಲುವುದು. ಒಂದೂ ಮೆಸೇಜು ತಪ್ಪಿಹೋಗದೆ ಅದರ ಜಾಗಕ್ಕೆ ಇನ್ನೊಂದು ಬರಬೇಕು. ಗುಂಡಿ ಒತ್ತುವವರು ಅಕ್ಕಾವ್ರೇ ಆಗಬೇಕೆಂದು ಮ್ಯಾನೇಜರ್ ಹಟ ಹಿಡಿದಿದ್ದಳು. ಇದನ್ನು ಮಾಡಲಾರದವರ ಕೈಗೆ ಮುಂದಿನ ಕೆಲಸ ಕೊಡುವಂತಿರಲಿಲ್ಲ.

ನಾನು ಗಾಜಿನ ಹೊರಗೆ ಬೆಂಚಿನ ಮೇಲಿದ್ದೆ. ಅವರ ಬೆರಳು ಗುಂಡಿಯ ಮೇಲೆ ನಿಂತುಬಿಟ್ಟಿತು. ಜೀವನವಿಡೀ ಓಡುವುದು ನಿಲ್ಲಬಾರದೆಂದು ಕಾದ ಕೈ ಅದು. ಅವರು ಇನ್ನೊಂದು ಅಂಗೈಯನ್ನು ಮಾನಿಟರಿನ ಮಗ್ಗುಲಿಗೆ ಇಟ್ಟರು. ಅಲ್ಲಿ ಏನೂ ತಿಳಿಯುವುದಿಲ್ಲ ಎಂದು ಅವರಿಗೂ ಗೊತ್ತು. ಪಕ್ಕದ ಆ ಹುಡುಗಿ ಕುರ್ಚಿಯನ್ನು ಸ್ವಲ್ಪ ಹತ್ತಿರ ಎಳೆದುಕೊಂಡಳು. ಅಕ್ಕಾವ್ರು ಅವಳ ಮುಖ ನೋಡಿದರು, ಅಂಗೈ ತೆಗೆದರು, ಒತ್ತಿದರು.

ಗುಂಡಿಯಿಂದ ಬೆರಳು ಎತ್ತುವುದರೊಳಗೆ ಹೊಸದು ಬಂದು ನಿಂತಿತ್ತು. ಹುಡುಗರು ಚಪ್ಪಾಳೆ ತಟ್ಟಿದರು. ಅಕ್ಕಾವ್ರು ಹೊರಗೆ ಬಂದು ನನ್ನ ಪಕ್ಕ ಕುಳಿತು ನೀರು ಕುಡಿದರು.

"ಬಂತು ನೋಡು," ಎಂದರು. ಲೋಟ ಕೆಳಗಿಟ್ಟು, "ಹೋದದ್ದಕ್ಕ ಹೆಸರೂ ಇಟ್ಟಿದ್ದಿಲ್ಲ," ಎಂದರು.

ಬೇಗಂಪೇಟೆಯಿಂದ ಸಾಮಾನು ಇಳಿಸುವ ದಿನ ಅವರು ಬಂದರು, ಸ್ವೆಟರ್ ಇಲ್ಲದೆ. ಎ.ಸಿ. ಆರಿಸಿ ಕೋಣೆ ಬೆಚ್ಚಗಾಗಿತ್ತು. ಫ್ಯಾನುಗಳೂ ನಿಂತಿದ್ದವು. ಹಮಾಲರು ಹಿರಿಯಣ್ಣನನ್ನು ಉರುಳಿಸಿಕೊಂಡು ಹೋದರು. ಅತ್ತಿಯ ಬಾಗಿಲಿನ ಮೇಲೆ ವರ್ಷವರ್ಷದ ಕುಂಕುಮ ಪದರಗಟ್ಟಿತ್ತು. ಅವರು ಒಮ್ಮೆ ಕೈ ಇಟ್ಟು ತೆಗೆದರು, ಅಷ್ಟೆ. ಆಮೇಲೆ ರೇಟಿನ ವಿಷಯದಲ್ಲಿ ನನ್ನ ಮುಂದೆ ಕುಳಿತು, ಎಂದಿನಂತೆ ಸುಮ್ಮನಾಗಿ, ಕಂಪನಿಗೆ ನಾನು ಅಂದುಕೊಂಡದ್ದಕ್ಕಿಂತ ಹೆಚ್ಚು ಕೊಡಿಸಿದರು. ಹೊರಗಿನವರಿಗೆ ಅದು ಹಟ ಎನಿಸಬಹುದು. ನಾನು ಅದನ್ನು ಮರ್ಯಾದೆ ಎನ್ನುತ್ತೇನೆ. ತನ್ನ ವಸ್ತುವನ್ನು ಅಗ್ಗಕ್ಕೆ ಬಿಡದವರ ಜೊತೆ ಮಾತ್ರ ವ್ಯಾಪಾರ ಮಾಡಿ, ಅವರು ಮೋಸ ಮಾಡುವುದಿಲ್ಲ.

ಅದರ ಮುಂದಿನ ದಸರೆಗೆ ಎಲೆ ಬೇಕೋ ಎಂದು ಫೋನು ಮಾಡಿ ಕೇಳಿದೆ. ಇಡಲು ಪೆಟ್ಟಿಗೆಯೇ ಇಲ್ಲವಲ್ಲ ಎಂದುಕೊಂಡಿದ್ದೆ. ಮೊದಲಿಗಿಂತ ಹೆಚ್ಚು ತಾ ಎಂದರು. ಕೊಂಡಾಪುರದಲ್ಲಿ ಮ್ಯಾನೇಜರಿನಿಂದ ಹಿಡಿದು ಕಾವಲಿನವನವರೆಗೆ ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಎಲೆ ಇಟ್ಟರು. ನನ್ನ ಸರದಿ ಬಂದಾಗ ಎಂದಿನಂತೆ ಕಣ್ಣಲ್ಲೇ ಬೇಡ ಎಂದರು.

ಮುಂದೆ ಅವರನ್ನು ಯಾರೂ ಎಬ್ಬಿಸಲಿಲ್ಲ. ನಿವೃತ್ತಿಯ ದಿನದವರೆಗೆ ಅದೇ ಕುರ್ಚಿಯಲ್ಲಿ ಕುಳಿತರು. ಸೊಲ್ಲಾಪುರಕ್ಕೆ ಹೊರಡುವ ಮೊದಲು ಹೇಳದೆ ಕೇಳದೆ ನನ್ನ ಗೋಡೌನಿಗೆ ಬಂದರು. ನಾನು ಕುರ್ಚಿ ಹುಡುಕುವುದರೊಳಗೆ ಮೂಲೆಯಲ್ಲಿ ನಿಂತಿದ್ದುದನ್ನು ನೋಡಿಬಿಟ್ಟಿದ್ದರು. ಅತ್ತಿ.

"ಇದನ್ನಿನ್ನೂ ಮಾರಿಲ್ಲೇನು?"

"ರೇಟು ಬಂದಿಲ್ರಿ ಅಕ್ಕಾವ್ರ. ಇನ್ನೊಂದಿಷ್ಟು ದಿನ ತಡದ್ರ..."

ಅವರು ಸುಮ್ಮನಾದರು. ಆ ಹಳೆಯ ಸುಮ್ಮನಿರುವಿಕೆ. ನಾನೂ ಸುಮ್ಮನಿರಬೇಕೆಂದು ಹಲ್ಲು ಕಚ್ಚಿದೆ. ಆಗಲಿಲ್ಲ. ಇದಕ್ಕೆ ಇನ್ನು ಗಿರಾಕಿ ಬರುವುದಿಲ್ಲ ಎಂದು ಒಪ್ಪಿಕೊಂಡೆ.

"ಮತ್ತ? ಗುಜರಿ ತೂಕಕ್ಕ ಹಾಕು. ಜಾಗಾ ತಿನ್ನಾಕತ್ತೈತಿ. ಊರಿಗೆಲ್ಲ ಬುದ್ಧಿ ಹೇಳ್ತಿ."

ಆಮೇಲೆ ಗೋಡೌನಿನ ಹಿಂದೆ ಹೋದರು. ಬನ್ನಿ ಮರದಿಂದ ಒಂದು ಸಣ್ಣ ಕಡ್ಡಿ ಮುರಿದುಕೊಂಡು ಬಂದರು. ದಸರೆ ಎಷ್ಟೋ ದೂರವಿತ್ತು. ಎಲೆ ಕಿತ್ತು ನನ್ನ ಅಂಗೈಯಲ್ಲಿಟ್ಟರು.

"ಇನ್ನ ನಮ್ಮಿಬ್ಬರ ನಡುವ ರೇಟಿಲ್ಲ. ಬನ್ನಿ ತಗೊಂಡು ಬಂಗಾರದ್ಹಂಗ ಇರೂಣು."

ಕಾಲು ಮುಟ್ಟಿದೆ. ಈ ಸಲ ಹಿಂದೆ ಸರಿಯಲಿಲ್ಲ.

ಮರುದಿನ ಅತ್ತಿಯನ್ನು ತೂಕಕ್ಕೆ ಹಾಕಿದೆ. ಬಾಗಿಲೊಂದನ್ನು ಬಿಚ್ಚಿ ಇಟ್ಟುಕೊಂಡಿದ್ದೇನೆ, ಕುಂಕುಮದ ಕಡೆ ಗೋಡೆಗೆ ತಿರುಗಿಸಿ. ಯಾಕೆ ಇಟ್ಟೀರಿ ಎಂದು ಯಾರಾದರೂ ಕೇಳಿದರೆ, ಒಳ್ಳೆಯ ರೇಟಿಗೆ ಕಾಯುತ್ತಿದ್ದೇನೆ ಎನ್ನುತ್ತೇನೆ.